ಹಿಟಾಚಿ ತಿರುಗುವ ಜಾಗದಲ್ಲಿ ಯಾರೂ ನಿಲ್ಲಬಾರದು

ಮೈಸೂರು, ಮಂಡ್ಯ ಸುತ್ತಮುತ್ತ ಪಾಯ ತೆಗೆಯುವ ಕೆಲಸಗಳಿಗೆ ನಾನು ಸೈಟ್ ಸೂಪರ್‌ವೈಸರ್. ಮಣ್ಣು ಅಗೆಯುವ ಹಿಟಾಚಿ ಬಂದರೆ ಎಲ್ಲರೂ ಬಕೆಟ್ ಕಡೆ ನೋಡ್ತಾರೆ. ನನ್ನ ಕಣ್ಣು ಮಾತ್ರ ಅದರ ಹಿಂಭಾಗದ ಮೇಲೇ ಇರುತ್ತದೆ. ಬಕೆಟ್‌ಗೆ ಸಮತೂಕ ಕೊಡಲು ಅಲ್ಲಿ ಟನ್‌ಗಟ್ಟಲೆ ಭಾರ ಕೂರಿಸಿರುತ್ತಾರೆ. ಮೆಷಿನ್ ತಿರುಗಿದಾಗ ಆ ಭಾರ ಕೆಳಗಿನ ಚಕ್ರದ ಚೈನ್ ದಾಟಿ ಆಚೆ ಬರುತ್ತದೆ. ಅದಕ್ಕೂ ಕಾಂಪೌಂಡ್ ಗೋಡೆಗೂ ನಡುವೆ ಯಾರಾದರೂ ಸಿಕ್ಕಿದರೆ ಮುಗೀತು. ಹಿಂದೆ ನಿಂತವರು ಆಪರೇಟರ್ ಕಣ್ಣಿಗೆ ಸರಿಯಾಗಿ ಬೀಳುವುದೂ ಇಲ್ಲ.

ಅದಕ್ಕೇ ಅಗೆಯುವ ಮೊದಲು ಬೂಮ್, ಅಂದರೆ ಬಕೆಟ್ ಹಿಡಿದ ಉದ್ದನೆಯ ತೋಳು, ಪೂರ್ತಿ ಚಾಚಿಸಿ, ಖಾಲಿ ಒಂದು ಸುತ್ತು ತಿರುಗಿಸಲು ಹೇಳುತ್ತೇನೆ. ಪಾಯಕ್ಕೆ ಗುರುತು ಹಾಕುವ ಸುಣ್ಣದ ಪುಡಿಯಲ್ಲೇ ಅದರಾಚೆ ಗೆರೆ ಎಳೆಯುತ್ತೇನೆ. ಮೆಷಿನ್ ಜಾಗ ಬದಲಿಸಿದರೆ ಗೆರೆಯೂ ಹೊಸದು. ಒಳಗಿಳಿದು ಕೈಯಲ್ಲಿ ಮಣ್ಣು ಕೆರೆಯಬೇಕಾದರೆ ಮೊದಲು ಬಕೆಟ್ ನೆಲಕ್ಕೆ ಕೂರಬೇಕು, ಇಂಜಿನ್ ಆಫ್ ಆಗಬೇಕು. ಬಾಡಿಗೆ ಗಂಟೆ ಲೆಕ್ಕ ಅಲ್ವಾ, ಸೈಟ್ ಓನರ್‌ಗಳಿಗೆ ಇದು ಹಿಡಿಸಲ್ಲ. "ಐದು ನಿಮಿಷದ ಕೆಲಸ, ಹಂಗೇ ಮಾಡ್ಲಿ ಬಿಡಿ ಸಾರ್" ಅಂತಾರೆ. "ಇಲ್ಲ ಸ್ವಾಮಿ, ಇಂಜಿನ್ ನಿಂತ ಮೇಲೇ ಇಳಿಯೋದು" ಅಂತೀನಿ.

ಆಪರೇಟರ್‌ಗೆ ಸನ್ನೆ ಮಾಡುವವನು ಒಬ್ಬನೇ. ಆದರೆ ನಿಲ್ಲಿಸು ಅನ್ನಲು ಎಲ್ಲರಿಗೂ ಹಕ್ಕಿದೆ, ಅದಕ್ಕೆ ಸೀಟಿ ಕೊಟ್ಟಿದ್ದೇನೆ. ಬಿಹಾರದ ಹುಡುಗನಿಗೂ ನಮ್ಮ ಮಳವಳ್ಳಿ ಅಕ್ಕನಿಗೂ ಸೀಟಿ ಒಂದೇ ಥರ ಅರ್ಥವಾಗುತ್ತದೆ.

ಮಂಡ್ಯ ಹತ್ತಿರ ಬೇರೊಬ್ಬರ ಸೈಟಿನಲ್ಲಿ ಟಿಪ್ಪರ್ ರಿವರ್ಸ್ ಬರುವಾಗ ಒಬ್ಬ ಹೆಲ್ಪರ್ ಪಾದ ಚಕ್ರದಡಿ ಸಿಕ್ಕಿತು. ಪಕ್ಕದ ಸೈಟಿನಲ್ಲಿದ್ದ ನಾನೂ ಆಸ್ಪತ್ರೆಗೆ ಹೋದೆ. "ಬೈಕಿಂದ ಬಿದ್ದ ಅಂತ ಬರೆಸಿ" ಅಂದರು ಅಲ್ಲಿನ ಕಂಟ್ರಾಕ್ಟರ್. ನಾನು ಒಪ್ಪಲಿಲ್ಲ. ಯಾವ ಗಾಡಿ, ಎಲ್ಲಿ, ಎಷ್ಟು ಹೊತ್ತಿಗೆ ಅಂತ ಡಾಕ್ಟರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಕೆಲಸದಲ್ಲೇ ಪೆಟ್ಟಾಯಿತು ಅಂತ ಆಸ್ಪತ್ರೆ ಕಾಗದದಲ್ಲಿ ಇಲ್ಲದಿದ್ದರೆ ಮುಂದೆ ಆ ಬಡವ ಪರಿಹಾರ ಕೇಳುವುದು ಬಹಳ ಕಷ್ಟ. ಅವನ ಹತ್ತಿರ ಲೇಬರ್ ಕಾರ್ಡೂ ಇರಲಿಲ್ಲ.

ಆಮೇಲೆ ನನ್ನ ಸೈಟಿಗೆ ಯಾರೇ ಬರಲಿ, ಮೊದಲು ಕಾರ್ಡ್ ಕೇಳುತ್ತೇನೆ. 18ರಿಂದ 60 ವರ್ಷದೊಳಗಿನವರು ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿ ಈ ಕಾರ್ಡ್ ಪಡೆಯಬಹುದು. ಕೆಲಸ ಮಾಡಿದ್ದಕ್ಕೆ ಪತ್ರ ಬೇಕು. ಕೂಲಿಯವರು ಅದಕ್ಕಾಗಿ ಅಲೆಯಬಾರದು. ಅವರು ಕೇಳುವ ಮೊದಲೇ ನಾನೇ ಓನರ್ ಹತ್ತಿರ ಸಹಿ ಹಾಕಿಸಿ ಕೊಡುತ್ತೇನೆ.