ನಲವತ್ತು ದಾಟಿದ ಮೇಲೆ ಹುಟ್ಟು ಹಿಡಿದದ್ದು

ಹುಟ್ಟು ಹಾಕಿ ದೋಣಿ ಓಡಿಸುವ ರೋಯಿಂಗ್ ಅಂದರೆ ತೋಳಿನ ಆಟ ಅಂತಲೇ ಹೆಚ್ಚಿನವರು ತಿಳಿದಿರುತ್ತಾರೆ. ಅಲ್ಲ, ಅದು ಕಾಲಿನ ಆಟ. ಸೀಟಿನ ಅಡಿಯಲ್ಲಿ ಸಣ್ಣ ಗಾಲಿಗಳಿರುತ್ತವೆ. ಅದು ಎರಡು ಹಳಿಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಪಾದಗಳು ದೋಣಿಗೇ ಜೋಡಿಸಿದ ಶೂಗಳೊಳಗೆ ಇರುತ್ತವೆ. ಮಂಡಿ ಮಡಚಿ ಜಾರಿ ಬರಬೇಕು, ಹುಟ್ಟನ್ನು ನೀರಿಗೆ ಇಳಿಸಬೇಕು, ಕಾಲಿನಿಂದ ಒತ್ತಬೇಕು. ಆಮೇಲೆ ಬೆನ್ನು, ಕಟ್ಟಕಡೆಗೆ ತೋಳು. ವಾಪಸ್ ಬರುವಾಗ ಇದೇ ಉಲ್ಟಾ: ಮೊದಲು ತೋಳು, ಆಮೇಲೆ ಬೆನ್ನು, ಕೊನೆಗೆ ಮಂಡಿ. ನಲವತ್ತು ದಾಟಿದವರು ಈ ಕ್ರಮವನ್ನು ತುಂಬಾ ಗಮನವಿಟ್ಟು ಕಲಿಯಬೇಕು. ಇಲ್ಲವಾದರೆ ಸೊಂಟ ಕೇಳುವುದಿಲ್ಲ.

ನಾನು ಹೊಸಪೇಟೆಯವಳು. ತುಂಗಭದ್ರೆಯಲ್ಲಿ ಹರಿಗೋಲಿನಲ್ಲಿ ಕೂತು ದಾಟಿದ್ದುಂಟು, ಆದರೆ ಹುಟ್ಟು ಅಂಬಿಗನ ಕೈಯಲ್ಲಿತ್ತು. ನನ್ನ ಕೈಗೆ ಅದು ಬಂದದ್ದು ಕೆಲಸಕ್ಕಾಗಿ ಬಾಸ್ಟನ್‌ಗೆ ಬಂದು ನೆಲೆಸಿದ ಮೇಲೆ, ಚಾರ್ಲ್ಸ್ ನದಿಯಲ್ಲಿ. ರೋಯಿಂಗ್‌ಗೆ ಹೇಳಿ ಮಾಡಿಸಿದ ನೀರು ಅದು. 1910ರಲ್ಲಿ ಸಮುದ್ರದ ಕಡೆ ಅಣೆಕಟ್ಟು ಮುಗಿದ ಮೇಲೆ ಉಬ್ಬರವಿಳಿತ ನಿಂತು, ನದಿಯ ಕೆಳಭಾಗ ಕೆರೆಯ ಹಾಗಾಯಿತು. ದಡದಲ್ಲಿ ಹಾರ್ವರ್ಡ್, ಎಂಐಟಿಯಂಥ ವಿಶ್ವವಿದ್ಯಾಲಯಗಳ ದೋಣಿಮನೆಗಳಿವೆ. ಅವು ವಿದ್ಯಾರ್ಥಿಗಳಿಗೆ. ಆದರೆ 1985ರಲ್ಲಿ ಶುರುವಾದ ಕಮ್ಯುನಿಟಿ ರೋಯಿಂಗ್ ಅನ್ನುವ ಕ್ಲಬ್ಬಿನ ಬಾಗಿಲು ಎಲ್ಲರಿಗೂ ತೆರೆದಿದೆ. ದೊಡ್ಡವರಿಗೆ ಮೊದಲಿನಿಂದ ಕಲಿಸುವ ತರಗತಿ ಅಲ್ಲಿದೆ. ಈಜು ಬರುತ್ತಿತ್ತು, ಸೇರಿದೆ. ಊರಿಂದ ಅವ್ವ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಹುಷಾರವ್ವ, ನೀರು ಅದು."

ಹೊಸಬರು ಎಂಟು ಜನರ ದೋಣಿಯಲ್ಲೇ ಶುರು ಮಾಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಒಬ್ಬರೇ ಕೂರುವ ದೋಣಿಯಲ್ಲಿ ಮೊದಲ ದಿನವೇ ಮಗುಚುವ ಭಯ. ಎಂಟರ ದೋಣಿಯಲ್ಲಿ ಅಷ್ಟು ಸುಲಭಕ್ಕೆ ಮಗುಚುವುದಿಲ್ಲ. ಸುಮಾರು 18 ಮೀಟರ್ ಉದ್ದ, ಅಗಲ ಮಾತ್ರ ನಮ್ಮ ಸೊಂಟಕ್ಕಿಂತ ಸ್ವಲ್ಪ ಜಾಸ್ತಿ. ಒಬ್ಬೊಬ್ಬರಿಗೆ ಒಂದೊಂದು ಉದ್ದನೆಯ ಹುಟ್ಟು, ನಾಲ್ವರದು ಎಡಕ್ಕೆ, ನಾಲ್ವರದು ಬಲಕ್ಕೆ. ನಾವೆಲ್ಲ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತೇವೆ. ಮುಂದೆ ನೋಡುವವರು ಒಬ್ಬರೇ, ಕಾಕ್ಸ್. ಚುಕ್ಕಾಣಿ ಅವರದು, ಮಾತೂ ಅವರದೇ. ಅವರು "ವೇ ಎನಫ್" ಅಂದರೆ ಎಂಟೂ ಜನ ತಕ್ಷಣ ನಿಲ್ಲಿಸಬೇಕು. ದೋಣಿಯನ್ನು ಹೊತ್ತು ನೀರಿಗೆ ಇಳಿಸುವುದೂ ಅವರು ಹೇಳಿದ ಹಾಗೆಯೇ.

ಶುರುವಿನ ವಾರಗಳಲ್ಲಿ ಎಂಟು ಜನ ಒಟ್ಟಿಗೆ ಹುಟ್ಟು ಹಾಕುವುದಿಲ್ಲ. ನಾಲ್ವರು ಹುಟ್ಟಿನ ಅಲಗನ್ನು ನೀರಿನ ಮೇಲೆ ಅಡ್ಡ ಮಲಗಿಸಿ ದೋಣಿ ವಾಲದಂತೆ ಹಿಡಿಯುತ್ತಾರೆ, ಉಳಿದ ನಾಲ್ವರು ಕಲಿಯುತ್ತಾರೆ. ಒಬ್ಬರ ಕೈ ಸ್ವಲ್ಪ ಕೆಳಗಿಳಿದರೂ ಸಾಕು, ಇಡೀ ದೋಣಿ ವಾಲುತ್ತದೆ. ನಮ್ಮ ಹಂಪಿ ತೇರು ಎಳೆಯುವ ಹಾಗೆ ಇದು. ಹಗ್ಗ ಹಿಡಿದ ಒಬ್ಬನ ಬಲದಿಂದ ಏನೂ ಆಗುವುದಿಲ್ಲ, ಎಲ್ಲರೂ ಒಂದೇ ಕೂಗಿಗೆ ಜಗ್ಗಬೇಕು. ನನ್ನ ಮುಂದಿನವಳ ಬೆನ್ನು ಅಲ್ಲಾಡಿದಾಗ ನನ್ನದೂ ಅಲ್ಲಾಡಬೇಕು, ಅಷ್ಟೇ.

ನನಗೆ ಈ ಆಟದ ರುಚಿ ಹತ್ತಿದ್ದು ಹುಟ್ಟು ನೀರಿನ ಹೊರಗಿರುವ ಹೊತ್ತಿನಲ್ಲಿ. ಎಳೆದು ಮುಗಿಸಿ, ಅಲಗನ್ನು ಮಟ್ಟಸ ತಿರುಗಿಸಿ, ಸೀಟಿನ ಮೇಲೆ ಜಾರಿ ವಾಪಸ್ ಬರುತ್ತೇವಲ್ಲ, ಆಗ. ಪಂದ್ಯದ ಎಂಟರ ದೋಣಿಗೆ ಕನಿಷ್ಠ ತೂಕ 96 ಕಿಲೋ. ಅದರಲ್ಲಿ ಕೂತ ಎಂಟು ಜನರ ತೂಕ ಅದರ ಐದಾರು ಪಟ್ಟು. ಇಷ್ಟು ತೂಕ ದೋಣಿ ಹೋಗುವ ದಿಕ್ಕಿಗೆ ವಿರುದ್ಧವಾಗಿ ಜಾರುತ್ತಿರುತ್ತದೆ. ಅವಸರದಲ್ಲಿ ಜಾರಿ ಬಂದು ದಡಕ್ಕನೆ ನಿಂತರೆ ದೋಣಿಯ ಓಟಕ್ಕೇ ತಡೆ. ನಿಧಾನವಾಗಿ, ಎಂಟೂ ಜನ ಒಂದೇ ವೇಗದಲ್ಲಿ ಬಂದರೆ ದೋಣಿ ನಮ್ಮ ಕೆಳಗೆ ತಾನಾಗಿ ಓಡುತ್ತದೆ. ನಿಮಿಷಕ್ಕೆ 20 ಎಳೆತ ಅಂದರೆ ಒಂದೊಂದಕ್ಕೆ ಮೂರು ಸೆಕೆಂಡ್. ಎಳೆಯುವುದಕ್ಕೆ ಒಂದು, ವಾಪಸ್ ಬರುವುದಕ್ಕೆ ಎರಡು. ಆ ಎರಡು ಸೆಕೆಂಡಿನಲ್ಲಿ ಉಸಿರು ಬಿಡಬಹುದು, ಭುಜ ಸಡಿಲ ಮಾಡಬಹುದು, ದೋಣಿಯ ಅಡಿಯಲ್ಲಿ ನೀರು ಗುಳುಗುಳು ಅನ್ನುವುದನ್ನು ಕೇಳಬಹುದು. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನನಗೆ ಇದಕ್ಕಿಂತ ದೊಡ್ಡ ಸುಖ ಸಿಕ್ಕಿಲ್ಲ.

ಅಂಗೈಯಲ್ಲಿ ಬೊಬ್ಬೆ ಏಳುತ್ತವೆ. ಕೈಗವಸು ಹಾಕಬೇಡಿ, ಹುಟ್ಟಿನ ಸುಳಿವೇ ಕೈಗೆ ಸಿಗುವುದಿಲ್ಲ. ಹಿಡಿತ ಬೆರಳಲ್ಲಿರಲಿ, ಸಡಿಲವಾಗಿರಲಿ. ತೊಡೆಯ ಹಿಂಭಾಗದ ಸ್ನಾಯು ಬಿಗಿಯಾಗಿದ್ದರೆ ದಿನವೂ ಸ್ವಲ್ಪ ಎಳೆದು ಸಡಿಲಿಸಿಕೊಳ್ಳಿ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ವಸಂತದಲ್ಲಿ ಬಿಸಿಲು ಬಂದರೂ ನೀರು ಇನ್ನೂ ಕೊರೆಯುತ್ತಿರುತ್ತದೆ. 10 ಡಿಗ್ರಿಗಿಂತ ತಣ್ಣಗಿನ ನೀರಿಗೆ ಬಿದ್ದರೆ ಒಳ್ಳೆಯ ಈಜುಗಾರರಿಗೂ ಅಪಾಯ. ಕೋಚ್‌ನ ಮೋಟಾರ್ ದೋಣಿ ಜೊತೆಗಿಲ್ಲದೆ ಹೋಗಬಾರದು.

ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟುತ್ತದೆ. ಆಗ ಜಿಮ್ಮುಗಳಲ್ಲಿರುವ ರೋಯಿಂಗ್ ಯಂತ್ರವೇ ಗತಿ. ದಮ್ಮು, ಕಾಲಿನ ಬಲ ಎರಡಕ್ಕೂ ಅದು ಒಳ್ಳೆಯದೇ. ಆದರೆ ಅದು ವಾಲುವುದಿಲ್ಲ, ಹಾಗಾಗಿ ಸಮತೋಲ ಕಲಿಸುವುದಿಲ್ಲ. ಯಂತ್ರ ನೋಡಿ ಬೇಸರವಾಯಿತು ಅಂತ ರೋಯಿಂಗನ್ನೇ ಬಿಟ್ಟವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಒಮ್ಮೆ ನೀರಿಗೆ ಇಳಿದು ನೋಡಿ.

ತಡವಾಯಿತೇನೋ ಅಂತ ಅಂಜುವವರಿಗೆ ದತ್ತು ಭೋಕನಾಳ್ ಹೆಸರು ಹೇಳುತ್ತೇನೆ. ನಾಸಿಕ್ ಜಿಲ್ಲೆಯ ಬರದ ಊರಿನವರು. ರೋಯಿಂಗ್ ಕಲಿತದ್ದು ಸೇನೆಗೆ ಸೇರಿದ ಮೇಲೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಒಬ್ಬರೇ ಹುಟ್ಟು ಹಾಕುವ ಸ್ಪರ್ಧೆಯಲ್ಲಿ 13ನೆಯವರಾದರು. ಅವರು ಆಗ ಹುಡುಗ, ನಿಜ. ಆದರೆ ನಮ್ಮಂಥವರಿಗೂ ಮಾಸ್ಟರ್ಸ್ ಅಂತ ಬೇರೆ ವಿಭಾಗವೇ ಇದೆ, 27ನೇ ವಯಸ್ಸಿನಿಂದ ಶುರು, ಎಪ್ಪತ್ತು ದಾಟಿದವರೂ ಸ್ಪರ್ಧಿಸುತ್ತಾರೆ. ಭಾರತದಲ್ಲಿ ಇರುವವರು ಕೋಲ್ಕತ್ತಾದಲ್ಲಿ 1858ರ ಕಲ್ಕತ್ತಾ ರೋಯಿಂಗ್ ಕ್ಲಬ್, ಚೆನ್ನೈನಲ್ಲಿ ಅಡ್ಯಾರ್ ನದಿಯ ದಡದ ಮದ್ರಾಸ್ ಬೋಟ್ ಕ್ಲಬ್ಬಿನಲ್ಲಿ ವಿಚಾರಿಸಬಹುದು.

ಅಕ್ಟೋಬರ್‌ನಲ್ಲಿ ಬಾಸ್ಟನ್ ಕಡೆ ಬಂದರೆ ಹೆಡ್ ಆಫ್ ದ ಚಾರ್ಲ್ಸ್ ಪಂದ್ಯ ತಪ್ಪಿಸಿಕೊಳ್ಳಬೇಡಿ. 1965ರಿಂದ ನಡೆಯುತ್ತಿದೆ, ದೂರ ಸುಮಾರು 4.8 ಕಿಲೋಮೀಟರ್. ದೋಣಿಗಳು ಒಂದರ ಹಿಂದೆ ಒಂದು ಬಿಡುತ್ತವೆ, ಓಟ ಗಡಿಯಾರದ ಜೊತೆ. ವೀಕ್ಸ್ ಕಾಲುಸೇತುವೆಯ ಮೇಲೆ ಜಾಗ ಹಿಡಿಯಿರಿ. ಅಲ್ಲಿ ನದಿ ಗಕ್ಕನೆ ತಿರುಗುತ್ತದೆ. ದೋಣಿಯ ಒಂದು ಬದಿಯವರು ಹಗುರ ಮಾಡಿ ಇನ್ನೊಂದು ಬದಿಯವರು ಜೋರಾಗಿ ಜಗ್ಗಬೇಕು, ಪಕ್ಕದಲ್ಲೇ ಇನ್ನೊಂದು ದೋಣಿ ನುಗ್ಗುತ್ತಿರುತ್ತದೆ. ಕಾಕ್ಸ್ ಕೂಗಾಟ ಸೇತುವೆಯ ಮೇಲಿನವರೆಗೂ ಕೇಳುತ್ತದೆ. ಬೆಚ್ಚಗಿನ ಜಾಕೆಟ್ ಹಾಕಿಕೊಂಡು ಬನ್ನಿ, ಗಾಳಿ ಜಾಸ್ತಿ.