ಇಂಗ್ಲಿಷಿನ ‘ಹೂ’ (who), ‘ವಿಚ್’ (which) ಕೊನೆಗೂ ಕೈಗೆ ಸಿಕ್ಕಿದ್ದು ಕನ್ನಡದಿಂದಲೇ

ರಾಯಚೂರಿನ ಲೈಬ್ರರಿಯಲ್ಲಿ ನನ್ನ ಜೊತೆ ಓದಿದವರಿಗೆಲ್ಲ ಗೊತ್ತು, ಎಸ್‌ಎಸ್‌ಸಿ ಸಿಜಿಎಲ್‌ನಲ್ಲಿ (ಕೇಂದ್ರ ಸರ್ಕಾರದ ಹುದ್ದೆಗಳಿಗೆ ಪದವೀಧರರು ಬರೆಯುವ ಪರೀಕ್ಷೆ) ನಾನು ಎರಡು ಸಲ ಬಿದ್ದಿದ್ದು ಇಂಗ್ಲಿಷಿನಿಂದಲೇ. ಮ್ಯಾಥ್ಸ್, ರೀಸನಿಂಗ್‌ನಲ್ಲಿ ತೊಂದರೆ ಇರಲಿಲ್ಲ. ಇಂಗ್ಲಿಷಿನ 25ರಲ್ಲಿ ಹತ್ತು ಸರಿಯಾದರೆ ಅದೇ ಜಾಸ್ತಿ. ಉಳಿದದ್ದಕ್ಕೆ ಅಂದಾಜಿನ ಮೇಲೆ ಉತ್ತರ ಹಾಕಿ, ಒಂದೊಂದು ತಪ್ಪಿಗೂ ಅರ್ಧ ಮಾರ್ಕ್ಸ್ ಕಳೆದುಕೊಳ್ಳುತ್ತಿದ್ದೆ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ನಮ್ಮ 371ಜೆ ವಿಧಿ ರಾಜ್ಯದ ಹುದ್ದೆಗಳಿಗೆ ಮಾತ್ರ, ಇಲ್ಲಿ ಎಲ್ಲರ ಜೊತೆ ಓಡಲೇಬೇಕು.

ಧಾರವಾಡಕ್ಕೆ ಹೋಗಿ ಒಂದು ಕೋಚಿಂಗ್ ಸೇರಿದೆ. ಫೀಸು ಹದಿನೆಂಟು ಸಾವಿರವೋ ಏನೋ, ರೂಮು ಮೆಸ್ಸು ಸೇರಿ ಆರು ತಿಂಗಳಿಗೆ ಐವತ್ತು ಸಾವಿರ ದಾಟಿತು. ಅಪ್ಪ ಹತ್ತಿ ಮಾರಿದ ದುಡ್ಡು ಅದು. ಅಲ್ಲಿ ಸಿಕ್ಕಿದ್ದು ನೂರಕ್ಕೂ ಹೆಚ್ಚು ರೂಲ್ಸ್ ಇದ್ದ ಝೆರಾಕ್ಸ್ ಕಟ್ಟು. ಪೂರ್ತಿ ಬಾಯಿಪಾಠ ಮಾಡಿದೆ. ‘ವನ್ ಆಫ್ ದಿ ಬಾಯ್ಸ್ ಹೂ’ ಬಂದರೆ ‘ಹ್ಯಾವ್’ ಹಾಕು ಅಂತ ಕಲಿತೆ, ಪರೀಕ್ಷೆಯಲ್ಲಿ ‘ದಿ ಓನ್ಲಿ ವನ್ ಆಫ್ ದಿ ಬಾಯ್ಸ್ ಹೂ’ ಅಂತ ಬಂತು, ಅಲ್ಲಿ ‘ಹ್ಯಾಸ್’ ಆಗಬೇಕು ಅಂತ ಹೊಳೆಯಲೇ ಇಲ್ಲ.

ಊರಿಗೆ ವಾಪಸ್ ಬಂದ ಮೇಲೆ ನನ್ನನ್ನು ಕಾಡಿದ್ದು ಒಂದೇ ವಾಕ್ಯ. ‘ದಿ ಹೌಸ್ ವಿಚ್ ಐ ಲಿವ್ ಈಸ್ ಸ್ಮಾಲ್.’ ವಾಕ್ಯದಲ್ಲಿ ತಪ್ಪು ಹುಡುಕೋ ಪ್ರಶ್ನೆ ಅದು, ಮೂರು ಸಲ ‘ನೋ ಎರರ್’ (ತಪ್ಪಿಲ್ಲ) ಅಂತ ಹಾಕಿದ್ದೆ, ಮೂರು ಸಲವೂ ತಪ್ಪು. ಸಿಟ್ಟಿನಲ್ಲಿ ಕನ್ನಡದಲ್ಲಿ ಬರೆದೆ: ನಾನಿರುವ ಮನೆ ಚಿಕ್ಕದು. ಅದರ ಕೆಳಗೆ ಇನ್ನೂ ಮೂರು ಬರೆದೆ. ನಾನು ಓದಿದ ಪುಸ್ತಕ, ನಾನು ಬರೆದ ಪೆನ್ನು, ನಾನು ಬಂದ ಬಸ್ಸು. ಎಲ್ಲ ಒಂದೇ ಅಚ್ಚು, ಅಲ್ವಾ? ಆದರೆ ಪುಸ್ತಕವನ್ನು ಓದಿದೆ, ಪೆನ್ನಿನಿಂದ ಬರೆದೆ, ಬಸ್ಸಿನಲ್ಲಿ ಬಂದೆ. ಆ ‘ಅನ್ನು’, ‘ಇಂದ’, ‘ಅಲ್ಲಿ’ ನಮ್ಮಲ್ಲಿ ಉದುರಿ ಹೋಗುತ್ತವೆ, ಕಿವಿಗೆ ಕೊರತೆ ಅನ್ನಿಸೋದೇ ಇಲ್ಲ. ಇಂಗ್ಲಿಷಿನಲ್ಲಿ ‘ಇನ್’ ಉದುರಿದರೆ ವಾಕ್ಯ ತಪ್ಪು.

ಅವತ್ತಿನಿಂದ ‘ವಿಚ್’ ಕಂಡಲ್ಲೆಲ್ಲ ಅದನ್ನು ಒಡೆದು ಬೇರೆ ವಾಕ್ಯ ಮಾಡುತ್ತಿದ್ದೆ. ‘ಐ ಲಿವ್ ಇನ್ ದಿ ಹೌಸ್.’ ‘ಇನ್’ ಉಳಿಯಿತಲ್ಲ, ಅದು ಪ್ರಶ್ನೆಯಲ್ಲಿ ಇದೆಯಾ ನೋಡು, ಅಷ್ಟೇ. ಮೊದಲ ಹದಿನೈದು ದಿನ ಅತಿ ಮಾಡಿ ‘ಇನ್ ವಿಚ್ ಐ ಲಿವ್ ಇನ್’ ಅಂತ ಎರಡೆರಡು ಸಲ ತುರುಕಿದೆ, ‘ಇನ್ ದಟ್ ಐ ಲಿವ್’ ಅನ್ನೋದನ್ನೂ ಸರಿ ಅಂದುಕೊಂಡೆ. ಅದಕ್ಕೇ ಮೂರು ಮಾಕ್ ಟೆಸ್ಟ್ ಹಾಳಾದವು.

ಲೈಬ್ರರಿಯ ಸೀನಿಯರ್ ಅಣ್ಣ ಒಬ್ಬರು ತೀನ್ ಕಂದೀಲ್ ಹತ್ತಿರ ಒಗ್ಗಾಣಿ ಮಿರ್ಚಿ ತಿನ್ನುತ್ತಾ ಹೇಳಿದ್ದರು, ‘ಇಂಗ್ಲಿಷ್ ಪೇಪರ್ ಬಿಡಸಾಕ ಕನ್ನಡ ಯಾಕಪ? ಇಂಗ್ಲಿಷಿನ್ಯಾಗ ಯೋಚನಿ ಮಾಡು.’ ನಾನು ಬಿಡಲಿಲ್ಲ.

ಮಾಡಿಫೈಯರ್, ಅಂದರೆ ಇನ್ನೊಂದು ಪದದ ಬಗ್ಗೆ ವಿವರ ಹೇಳುವ ಪದ ಅಥವಾ ಪದಗುಚ್ಛ, ಇದಕ್ಕಿಂತ ಕಷ್ಟ. ‘ವಾಕಿಂಗ್ ಟು ದಿ ಸ್ಟೇಷನ್, ದಿ ರೇನ್ ಸ್ಟಾರ್ಟೆಡ್.’ ನಮಗೆ ಇದು ಸರಿ ಅನ್ಸುತ್ತೆ, ಯಾಕಂದ್ರೆ ‘ಮಳೆ ಬಂದು ರಸ್ತೆ ಕೆಟ್ಟಿತು’ ಅಂತ ದಿನಾ ಅಂತೀವಿ. ಬಂದದ್ದು ಮಳೆ, ಕೆಟ್ಟಿದ್ದು ರಸ್ತೆ, ಕನ್ನಡಕ್ಕೆ ಅದು ನಡೆಯುತ್ತೆ. ಇಂಗ್ಲಿಷಿನಲ್ಲಿ ನಡೆದವನೇ ಕಾಮಾ ಆದ ತಕ್ಷಣ ಬರಬೇಕು, ಇಲ್ಲಾಂದ್ರೆ ಮಳೆಯೇ ಸ್ಟೇಷನ್‌ಗೆ ನಡೆದಂಗೆ. ಅದಕ್ಕೆ ಕಾಮಾದ ಮುಂದಿನ ಪದಕ್ಕೆ ಪೆನ್ಸಿಲ್ ಸುತ್ತು ಹಾಕಿ ‘ನಡೆದವರು ಯಾರು?’ ಅಂತ ಬಾಯಿಬಿಟ್ಟು ಕೇಳಿಕೊಳ್ಳುತ್ತಿದ್ದೆ. ಲೈಬ್ರರಿಯಲ್ಲಿ ಎರಡು ಸಲ ಬೈಸಿಕೊಂಡೆ.

ಇದನ್ನೇ ಉರ್ದು ಮೀಡಿಯಂ ಗೆಳೆಯನ ಮೇಲೂ ಪ್ರಯೋಗ ಮಾಡಿದೆ. ಉರ್ದುವಿನಲ್ಲಿ ಇದೇ ಕೆಲಸ ಮಾಡುವ ‘ಜೋ’ ಇದೆಯಲ್ಲ, ಅವನಿಗೆ ‘ಹೂ’, ‘ವಿಚ್’ ಒಂದೇ ವಾರಕ್ಕೆ ಕೂತವು. ಮಾಡಿಫೈಯರ್‌ನಲ್ಲಿ ಮಾತ್ರ ನನ್ನಷ್ಟೇ ಒದ್ದಾಡಿದ. ‘ಓನ್ಲಿ’ ಜಾಗಕ್ಕೂ ನಮ್ಮ ‘ಮಾತ್ರ’ ಹಿಡಿದು ನೋಡಿದ್ದೇನೆ, ‘ರವಿಗೆ ಮಾತ್ರ’ ಅಂತ ನಾವು ಪದದ ನಂತರ ಹಾಕೋದನ್ನು ಇಂಗ್ಲಿಷಿನಲ್ಲಿ ಪದಕ್ಕಿಂತ ಮೊದಲು ಹಾಕ್ತಾರೆ. ಕಾಮಾ ನೋಡಿಯೇ ಎರಡು ಆಪ್ಷನ್ ಕಿತ್ತುಹಾಕುವ ಇನ್ನೊಂದು ದಾರಿ ಇದೆ, ಅದು ನನ್ನ ಹತ್ತಿರ ಓದಲು ಬರುವ ಹುಡುಗರಿಗೆ ಮಾತ್ರ.

ಈ ಸಲ ಖರ್ಚಾಗಿದ್ದು ಮಾಕ್ ಟೆಸ್ಟಿಗೆ ಸುಮಾರು ಐನೂರು, ಎರಡು ನೋಟ್‌ಬುಕ್ಕಿಗೆ ನೂರು ರೂಪಾಯಿ. ನಾಲ್ಕು ತಿಂಗಳು, ದಿನಕ್ಕೆ ಹತ್ತೇ ವಾಕ್ಯ. ಮೂರನೇ ಸಲ ಇಂಗ್ಲಿಷಿನಲ್ಲಿ 25ಕ್ಕೆ 21 ಸರಿ ಬಂದವು, ಸೆಂಟೆನ್ಸ್ ಕರೆಕ್ಷನ್‌ನಲ್ಲಿ ಒಂದೂ ತಪ್ಪಲಿಲ್ಲ. ಆ ಅಣ್ಣ ಹೋದ ವಾರ ನನ್ನ ನೋಟ್‌ಬುಕ್ ಒಯ್ದಿದ್ದಾರೆ.