‘ಉಗುರು ತೋರಿಸಿ’ ಎಂದ ಡಾಕ್ಟರ್

ಮೂರು ವರ್ಷ ನಾನು ಡಾಕ್ಟರುಗಳಿಗೆ ಮೊಣಕೈಯನ್ನಷ್ಟೇ ತೋರಿಸಿದೆ. ತೋಳು ಮಡಚಿ, ಆ ಒಂದು ಜಾಗವನ್ನು ಮುಂದೆ ಹಿಡಿದು, ‘ಇದೊಂದು ಹೋಗುತ್ತಲೇ ಇಲ್ಲ’ ಎನ್ನುತ್ತಿದ್ದೆ. ತಲೆಯಿಂದ ಉದುರುತ್ತಿದ್ದದ್ದು ಹೊಟ್ಟು, ಅದು ಬೇರೆ. ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂತಿದ್ದ ಸಣ್ಣ ಗುಳಿಗಳು ಕ್ಯಾಲ್ಸಿಯಂ ಕೊರತೆ, ಅದೂ ಬೇರೆ. ಬೆಳಿಗ್ಗೆ ಬೆರಳುಗಳು ಬಿಗಿದುಕೊಳ್ಳುವುದು ವಯಸ್ಸಿನದು. ಹೀಗೆ ಒಂದೇ ಕಾಯಿಲೆಯನ್ನು ನಾಲ್ಕು ತುಂಡು ಮಾಡಿ, ಒಂದನ್ನು ಹಿಡಿದುಕೊಂಡು ಹೋಗಿ, ಮೂರನ್ನು ಮನೆಯಲ್ಲೇ ಬಿಡುತ್ತಿದ್ದೆ. ಸೋರಿಯಾಸಿಸ್ ಎಂಬ ಹೆಸರು ಸಿಗಲು ಅಷ್ಟು ಕಾಲ ಹಿಡಿದದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಇದು ದೊಡ್ಡದು, ಅದಕ್ಕೇ ಮೊದಲು ಹೇಳುತ್ತಿದ್ದೇನೆ.

ಮೊದಲು ನೋಡಿದವರು ಗಜಕರ್ಣ ಎಂದರು. ಹಾಗೆ ಕಾಣುವುದು ಸಹಜವೇ. ಎರಡರಲ್ಲೂ ಅಂಚು ಸ್ಪಷ್ಟವಾಗಿರುತ್ತದೆ, ಎರಡರಲ್ಲೂ ಪುಡಿ ಏಳುತ್ತದೆ, ಎರಡೂ ತುರಿಸುತ್ತವೆ. ಪುಸ್ತಕಗಳಲ್ಲಿ ಸೋರಿಯಾಸಿಸ್ ಎಂದರೆ ಕೆಂಪು ಮಚ್ಚೆ ಎಂದು ಬರೆದಿರುತ್ತದೆ. ನನ್ನಂಥ ಕಪ್ಪು ಚರ್ಮದಲ್ಲಿ ಅದು ನೇರಳೆ ಬೆರೆತ ಕಂದು ಬಣ್ಣವಾಗಿ ಕಾಣುತ್ತದೆ. ಕೊಟ್ಟ ಮುಲಾಮಿನಲ್ಲಿ ಶಿಲೀಂಧ್ರ ಕೊಲ್ಲುವ ಔಷಧದ ಜೊತೆಗೆ ಸ್ಟೀರಾಯ್ಡ್ ಕೂಡ ಇತ್ತು. ಹಚ್ಚಿದ ವಾರದಲ್ಲೇ ಜಾಗ ತಣ್ಣಗಾಯಿತು. ಬಿಟ್ಟ ಇಪ್ಪತ್ತು ದಿನಕ್ಕೆ ಮರಳಿ ಬಂತು, ಮೊದಲಿಗಿಂತ ಅಗಲವಾಗಿ. ತಣ್ಣಗಾಗಿಸಿದ್ದು ಸ್ಟೀರಾಯ್ಡ್ ಎಂದು ನನಗೇನು ಗೊತ್ತು? ಮುಲಾಮು ಕೇಳಿತು, ಹಾಗಾದರೆ ಇದು ಗಜಕರ್ಣವೇ ಎಂದು ನಂಬಿದೆ. ಆ ನಂಬಿಕೆಯಲ್ಲೇ ಒಂದೂವರೆ ವರ್ಷ ಹೋಯಿತು.

ಆಮೇಲೆ ಇನ್ನೊಬ್ಬರು ಸ್ಟೀರಾಯ್ಡ್ ಮಾತ್ರೆಯನ್ನೇ ಬರೆದುಕೊಟ್ಟರು. ಹತ್ತು ದಿನಕ್ಕೆ ಮೈಯೆಲ್ಲ ನುಣುಪಾಯಿತು. ಮಾತ್ರೆ ಮುಗಿದದ್ದೇ ತಡ, ಬೆನ್ನು, ಹೊಟ್ಟೆ, ತೊಡೆಯ ಮೇಲೆಲ್ಲ ಎದ್ದಿತು. ಸೋರಿಯಾಸಿಸ್ ಇರುವವರು ನುಂಗುವ ಸ್ಟೀರಾಯ್ಡ್ ತೆಗೆದುಕೊಂಡು ನಿಲ್ಲಿಸಿದಾಗ ಕಾಯಿಲೆ ಹೀಗೆ ಕೆರಳುವುದುಂಟು. ಕೆಲವರಲ್ಲಿ ಅದು ಮೈಮೇಲೆ ಕೀವುಗುಳ್ಳೆ ಏಳುವ ಅಪಾಯದ ರೂಪಕ್ಕೂ ತಿರುಗುತ್ತದೆ. ಮಾತ್ರೆ ಕೊಡುವ ಮೊದಲು ಯಾರಾದರೂ ನನ್ನ ಮೈಯನ್ನು ಪೂರ್ತಿ ನೋಡಬೇಕಿತ್ತು. ಆ ವಿಷಯದಲ್ಲಿ ನನಗೆ ಇವತ್ತಿಗೂ ಸಿಟ್ಟಿದೆ.

ಗಜಕರ್ಣ ಅಂಟುತ್ತದೆ. ಹಾಗಾಗಿ ನನ್ನ ಟವೆಲು ಬೇರೆ, ಸೋಪು ಬೇರೆ, ದಿಂಬು ಬೇರೆ. ತಂಗಿಗೆ ಮಗುವಾದಾಗ ನಾನು ಎತ್ತಿಕೊಳ್ಳಲಿಲ್ಲ. ‘ಎತ್ತಿಕೋ ಅಕ್ಕಾ’ ಎಂದು ಅವಳು ಎರಡು ಸಲ ಮುಂದೆ ಹಿಡಿದಳು, ನೆಗಡಿಯ ನೆಪ ಹೇಳಿದೆ. ಸೋರಿಯಾಸಿಸ್ ಅಂಟುವ ಕಾಯಿಲೆಯೇ ಅಲ್ಲ. ಮುಟ್ಟಿದರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ, ಒಂದೇ ಕೊಳದಲ್ಲಿ ಈಜಿದರೂ ಬರುವುದಿಲ್ಲ. ತಪ್ಪು ಹೆಸರಿನಿಂದ ನನಗಾದ ನಷ್ಟದಲ್ಲಿ ಹಣದ ಲೆಕ್ಕ ಬಿಟ್ಟುಬಿಡಿ. ಆ ಮಗುವಿನ ಮೊದಲ ವರ್ಷ ನನ್ನ ಕೈತಪ್ಪಿ ಹೋಯಿತು.

ಕೊನೆಗೆ ಹೋದದ್ದು ಚರ್ಮರೋಗ ತಜ್ಞೆಯೊಬ್ಬರ ಬಳಿ. ಮೊಣಕೈ ನೋಡಿದ ಮೇಲೆ ಅವರು ಹೇಳಿದ ಮೊದಲ ಮಾತು, ‘ಉಗುರು ತೋರಿಸಿ.’ ಹತ್ತೂ ಬೆರಳನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿದರು. ಆಮೇಲೆ ಕೂದಲಂಚು, ಕಿವಿಯ ಹಿಂದೆ, ಹೊಕ್ಕುಳು, ಸೊಂಟದ ಕೆಳಗೆ, ಮಂಡಿ, ಅಂಗಾಲು. ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥದ್ದು ಇತ್ತೇ?’ ಎಂದು ಕೇಳಿದಾಗ ದೊಡ್ಡಪ್ಪ ನೆನಪಾದರು. ಎಂಥ ಸೆಕೆಯಲ್ಲೂ ಅವರು ತುಂಬುತೋಳಿನ ಅಂಗಿ ಬಿಟ್ಟವರಲ್ಲ. ‘ಒಣ ಇಸಬು’ ಎಂದು ಮನೆಯಲ್ಲಿ ದನಿ ತಗ್ಗಿಸಿ ಹೇಳುತ್ತಿದ್ದರು.

ಅವತ್ತೇ ಅವರು ಹೆಸರು ಹೇಳಲಿಲ್ಲ. ‘ಹಚ್ಚಿರುವ ಮುಲಾಮುಗಳು ಗುರುತನ್ನೆಲ್ಲ ಮಸುಕು ಮಾಡಿವೆ. ಎರಡು ವಾರ ಬರೀ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಬರುವ ದಿನ ಅದೂ ಬೇಡ’ ಎಂದರು. ಆ ಎರಡು ವಾರ ರಾತ್ರಿ ನಿದ್ದೆ ಇರಲಿಲ್ಲ. ಎದ್ದು ಕುಳಿತು ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದೆ: ಎಲ್ಲಿ ಶುರುವಾಯಿತು, ಏನು ಹಚ್ಚಿದೆ, ಎಷ್ಟು ದಿನ, ಬಿಟ್ಟಾಗ ಏನಾಯಿತು, ಬೇರೆ ಯಾವ ಮಾತ್ರೆ ನುಂಗುತ್ತಿದ್ದೇನೆ, ಎಲ್ಲಿ ನೋಯುತ್ತದೆ. ಕೆರಳಿದ ದಿನಗಳ ಫೋಟೋಗಳನ್ನು ಮೊಬೈಲಿನಲ್ಲಿ ದಿನಾಂಕದ ಪ್ರಕಾರ ಜೋಡಿಸಿದೆ. ಇಷ್ಟು ವರ್ಷದಲ್ಲಿ ನನ್ನ ಕಾಯಿಲೆಗಾಗಿ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಆ ಹಾಳೆ ಒಂದು. ಅದರಲ್ಲಿದ್ದ ರಕ್ತದೊತ್ತಡದ ಮಾತ್ರೆಯ ಹೆಸರಿನ ಮೇಲೆ ಅವರ ಬೆರಳು ನಿಂತಿತು. ಅದು ಬೀಟಾ ಬ್ಲಾಕರ್ ಗುಂಪಿನದು. ಕೆಲವರಲ್ಲಿ ಸೋರಿಯಾಸಿಸ್ ಅನ್ನು ಕೆರಳಿಸುತ್ತದೆ. ‘ನೀವಾಗಿಯೇ ನಿಲ್ಲಿಸಬೇಡಿ’ ಎಂದು ಹೇಳಿ, ರಕ್ತದೊತ್ತಡ ನೋಡುವ ಡಾಕ್ಟರಿಗೆ ಪತ್ರ ಕೊಟ್ಟರು. ಅವರು ಬೇರೆ ಮಾತ್ರೆಗೆ ಬದಲಾಯಿಸಿದರು.

ಎರಡನೆಯ ಭೇಟಿಯಲ್ಲಿ ಅವರು ಗಾಜಿನ ಪಟ್ಟಿಯ ಅಂಚಿನಿಂದ ಮಂಡಿಯ ಮಚ್ಚೆಯನ್ನು ಮೆಲ್ಲಗೆ ಕೆರೆದರು. ಮೇಣದಬತ್ತಿ ಕೆರೆದರೆ ಬೀಳುವಂಥ ಬಿಳಿಪುಡಿ ಉದುರಿತು. ಇನ್ನೂ ಕೆರೆದಾಗ ಅಡಿಯಲ್ಲಿ ಒದ್ದೆಯಾದ ತೆಳು ಪೊರೆ ಕಂಡಿತು. ಅದನ್ನೂ ಸರಿಸಿದಾಗ ರಕ್ತದ ಚುಕ್ಕಿಗಳು ಒಂದೊಂದಾಗಿ ಮೂಡಿದವು, ಸಾಸಿವೆಗಿಂತ ಸಣ್ಣವು. ಇದಕ್ಕೆ ಆಸ್ಪಿಟ್ಸ್ ಚಿಹ್ನೆ ಎನ್ನುತ್ತಾರೆ. ಸೋರಿಯಾಸಿಸ್‌ನಲ್ಲಿ ಸೂಕ್ಷ್ಮ ರಕ್ತನಾಳಗಳು ಹಿಗ್ಗಿ ಚರ್ಮದ ಮೇಲ್ಪದರದ ಹತ್ತಿರಕ್ಕೆ ಬಂದಿರುತ್ತವೆ. ಮುಂಗೈ ಮೇಲೆ ಬೆಕ್ಕು ಪರಚಿದ ಗಾಯ ಮಾಯದೆ ಉದ್ದಕ್ಕೂ ಅದೇ ಬಿಳಿಪುಡಿಯ ಗೆರೆಯಾಗಿತ್ತು. ಅದನ್ನೂ ಗುರುತು ಹಾಕಿಕೊಂಡರು. ಗಾಯವಾದ ಜಾಗದಲ್ಲೇ ಸೋರಿಯಾಸಿಸ್ ಏಳುವುದು ಕೋಬ್ನರ್ ಪರಿಣಾಮ. ಕೆರೆದ ಪುಡಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಶಿಲೀಂಧ್ರದ ಎಳೆ ಒಂದೂ ಇರಲಿಲ್ಲ. ಈ ಚಿಕ್ಕ ಪರೀಕ್ಷೆಯನ್ನು ಮೂರು ವರ್ಷದಲ್ಲಿ ಯಾರೂ ಮಾಡಿರಲಿಲ್ಲ. ಚರ್ಮದ ಚೂರು ತೆಗೆಯುವ ಬಯಾಪ್ಸಿ ಬೇಕಾಗಲಿಲ್ಲ. ಕಣ್ಣಿಗೆ ಕಂಡದ್ದರಲ್ಲಿ ಅನುಮಾನ ಉಳಿದಾಗ ಮಾತ್ರ ಅದು.

‘ಇದು ಸೋರಿಯಾಸಿಸ್. ಬುಡಸಮೇತ ಹೋಗುವುದಿಲ್ಲ. ಆದರೆ ಹಿಡಿತದಲ್ಲಿಡಬಹುದು, ವರ್ಷಗಟ್ಟಲೆ ಮೈ ಸ್ವಚ್ಛವಾಗಿರುವವರಿದ್ದಾರೆ’ ಎಂದರು. ಚರ್ಮದ ಜೀವಕೋಶ ಹುಟ್ಟಿ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಬೇಕು. ದೇಹದ ರೋಗನಿರೋಧಕ ವ್ಯವಸ್ಥೆ ಹದ ತಪ್ಪಿ, ಅದೇ ಕೆಲಸ ಮೂರರಿಂದ ಐದು ದಿನದಲ್ಲಿ ಮುಗಿದುಬಿಡುತ್ತದೆ, ಆ ರಾಶಿಯೇ ಈ ಪುಡಿ ಎಂದು ಬಿಡಿಸಿ ಹೇಳಿದರು. ನಾನು ಅಳುತ್ತಿದ್ದೆ. ದುಃಖಕ್ಕಲ್ಲ. ಅವತ್ತು ಸಂಜೆ ನೇರ ತಂಗಿಯ ಮನೆಗೆ ಹೋದೆ.

ಹೆಸರು ಸಿಕ್ಕ ಮೇಲೆ ಸರಿಯಾದ ಚಿಕಿತ್ಸೆ ಸಿಗಲು ಇನ್ನೂ ಒಂದು ವರ್ಷ ಬೇಕಾಯಿತು. ಶುರುವಾದದ್ದು ಕ್ಯಾಲ್ಸಿಪೊಟ್ರಿಯಾಲ್ (ವಿಟಮಿನ್ ಡಿ ಬಗೆಯ ಔಷಧ) ಮತ್ತು ಸ್ಟೀರಾಯ್ಡ್ ಇರುವ ಮುಲಾಮಿನಿಂದ, ತಲೆಗೆ ದ್ರಾವಣದಿಂದ. ಎಷ್ಟು ಹಚ್ಚಬೇಕೆಂದು ಮೊದಲ ಸಲ ಯಾರೋ ಅಳೆದು ತೋರಿಸಿದ್ದು ಆಗ: ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಅದು ಎರಡು ಅಂಗೈ ಅಗಲಕ್ಕೆ ಸಾಕು. ನಾನು ಅಷ್ಟನ್ನು ಇಡೀ ಎರಡು ಕಾಲಿಗೆ ಸವರುತ್ತಿದ್ದೆ. ಬೆರಳುಗಳೂ ಸೇರಿ ನಮ್ಮ ಅಂಗೈ ದೇಹದ ಮೇಲ್ಮೈಯ ಸುಮಾರು ಶೇಕಡಾ 1. ಆ ಲೆಕ್ಕದಲ್ಲಿ ನನ್ನದು 12 ಅಂಗೈ. ಶೇಕಡಾ 10 ದಾಟಿದರೆ ಬರೀ ಮುಲಾಮಿನಿಂದ ನಿಭಾಯಿಸುವುದು ಕಷ್ಟ. ಜೊತೆಗೆ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು: ಬಟ್ಟೆ ಆರಿಸುವಾಗ ಚರ್ಮ ಅಡ್ಡ ಬಂತೇ, ನಂಟರೊಡನೆ ತೊಂದರೆಯಾಯಿತೇ, ಕೆಲಸಕ್ಕೆ ಹೋಗಲಾಗಲಿಲ್ಲವೇ. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. 30ಕ್ಕೆ ನನ್ನದು 19 ಬಂತು. ಕಾಯಿಲೆಯನ್ನು ಚರ್ಮದ ಅಗಲದಿಂದ ಮಾತ್ರ ಅಳೆಯದೆ, ಅದು ಬದುಕಿನಲ್ಲಿ ಎಷ್ಟು ಜಾಗ ತಿಂದಿದೆ ಎಂದೂ ಅಳೆಯುವ ಡಾಕ್ಟರನ್ನು ಬಿಡಬಾರದು ಎಂದು ಅವತ್ತೇ ತೀರ್ಮಾನಿಸಿದೆ. ‘ಮೂರು ತಿಂಗಳಲ್ಲಿ ಶಾಶ್ವತ ಪರಿಹಾರ’ ಎಂದವರ ಬಳಿ ನಂಟರು ಕರೆದುಕೊಂಡು ಹೋಗಲು ಬಂದರು. ಹೋಗಲಿಲ್ಲ.

ಬೆಳಕಿನ ಚಿಕಿತ್ಸೆಯನ್ನೂ ಮಾಡಿಸಿದೆ. ವಾರಕ್ಕೆ ಮೂರು ದಿನ, ಕಣ್ಣಿಗೆ ಕನ್ನಡಕ ಹಾಕಿಕೊಂಡು 311 ನ್ಯಾನೊಮೀಟರ್ ಆಸುಪಾಸಿನ ಅತಿನೇರಳೆ ದೀಪಗಳ ನಡುವೆ ನಿಲ್ಲಬೇಕು. ಮೊದಲು ಸೆಕೆಂಡುಗಳ ಲೆಕ್ಕ, ಆಮೇಲೆ ನಿಮಿಷಗಳ ಲೆಕ್ಕ. ಚರ್ಮ ಚೆನ್ನಾಗಿಯೇ ತಿಳಿಯಾಯಿತು. ಆದರೆ ಬಲಗಾಲಿನ ಒಂದು ಬೆರಳು ಬುಡದಿಂದ ತುದಿಯವರೆಗೆ ಊದಿ ಗುಂಡಗಾಗಿತ್ತು. ಬೆಳಿಗ್ಗೆ ಬಾಚಣಿಗೆ ಹಿಡಿಯಲು ಒಂದು ಗಂಟೆ ಕಾಯಬೇಕಿತ್ತು. ಉಗುರಿನಲ್ಲಿ ಗುಳಿ ಇರುವವರಲ್ಲಿ ಕೀಲುಗಳಿಗೂ ಕಾಯಿಲೆ ಇಳಿಯುವ ಸಂಭವ ಹೆಚ್ಚು ಎಂದು ತಜ್ಞೆ ಮೊದಲೇ ಹೇಳಿದ್ದರು. ಕೂಡಲೇ ಸಂಧಿವಾತ ತಜ್ಞರಿಗೆ ಬರೆದರು. ಹಿಂದೆ ಯಾರೋ ಇನ್ನೊಂದು ಬಗೆಯ ಸಂಧಿವಾತವನ್ನು ಹುಡುಕುವ ರುಮಟಾಯ್ಡ್ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ಮಾಡಿಸಿ, ‘ಇಲ್ಲ ಎಂದು ಬಂದಿದೆ, ವಾತವಲ್ಲ’ ಎಂದು ನೋವಿನ ಮಾತ್ರೆ ಕೊಟ್ಟು ಕಳಿಸಿದ್ದರು. ಸೋರಿಯಾಸಿಸ್‌ನ ಸಂಧಿವಾತದಲ್ಲಿ ಆ ಪರೀಕ್ಷೆ ಸಾಮಾನ್ಯವಾಗಿ ‘ಇಲ್ಲ’ ಎಂದೇ ಬರುತ್ತದೆ. ತಡವಾದಷ್ಟೂ ಕೀಲು ಸವೆಯುತ್ತದೆ, ಸವೆದದ್ದು ಮರಳುವುದಿಲ್ಲ.

ಇಬ್ಬರೂ ಮಾತಾಡಿಕೊಂಡು, ಹದ ತಪ್ಪಿದ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆ ಶುರು ಮಾಡಿದರು. ಮೊದಲು ರಕ್ತಕಣಗಳು, ಯಕೃತ್ತು, ಮೂತ್ರಪಿಂಡದ ಪರೀಕ್ಷೆ. ಆಮೇಲೂ ಕ್ರಮವಾಗಿ ಅದೇ. ಬಸಿರಾಗುವ ಸಾಧ್ಯತೆ ಇದೆಯೇ, ಮದ್ಯದ ಅಭ್ಯಾಸ ಇದೆಯೇ ಎಂದು ನೇರವಾಗಿ ಕೇಳಿದರು, ಕೇಳಲೇಬೇಕಾದ ಪ್ರಶ್ನೆಗಳವು. ಈ ಮಾತ್ರೆ ವಾರಕ್ಕೆ ಒಂದೇ ದಿನ. ‘ಯಾವ ದಿನ? ಹೇಳಿ’ ಎಂದು ನನ್ನ ಬಾಯಲ್ಲೇ ಹೇಳಿಸಿದರು. ‘ಗುರುವಾರ’ ಎಂದೆ. ಅದರ ಅಡ್ಡಪರಿಣಾಮ ತಗ್ಗಿಸಲು ಮರುದಿನಗಳಲ್ಲಿ ಫೋಲಿಕ್ ಆಸಿಡ್. ಔಷಧದ ಅಂಗಡಿಯಿಂದ ತಂದ ಕವರಿನ ಮೇಲೆ ಪೆನ್ನಿನಲ್ಲಿ ‘ದಿನಕ್ಕೊಂದು’ ಎಂದು ಬರೆದಿತ್ತು. ನನ್ನ ಕೈ ನಡುಗಿತು. ಮೆಥೊಟ್ರೆಕ್ಸೇಟನ್ನು ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಮರಳಿ ಹೋಗಿ ಅವರೆದುರಿಗೇ ಹೊಡೆದುಹಾಕಿಸಿ, ‘ವಾರಕ್ಕೊಮ್ಮೆ, ಗುರುವಾರ’ ಎಂದು ದಪ್ಪಕ್ಷರದಲ್ಲಿ ಬರೆಸಿದೆ. ಈ ಮಾತ್ರೆ ತೆಗೆದುಕೊಳ್ಳುವವರು ನಿಮ್ಮ ಮನೆಯಲ್ಲಿದ್ದರೆ ಆ ಕವರನ್ನು ಈಗಲೇ ಎದ್ದು ನೋಡಿ.

ಈಗ ಆರು ತಿಂಗಳಿಗೊಮ್ಮೆ ತೂಕ, ರಕ್ತದೊತ್ತಡ, ಸಕ್ಕರೆ, ಕೊಬ್ಬು ಎಲ್ಲ ನೋಡುತ್ತಾರೆ. ಈ ಕಾಯಿಲೆಯವರಲ್ಲಿ ಹೃದಯದ ತೊಂದರೆ ಹೆಚ್ಚು. ಇದು ಕೇಳದಿದ್ದರೆ ಮುಂದೆ ರೋಗನಿರೋಧಕ ವ್ಯವಸ್ಥೆಯ ಒಂದು ಭಾಗವನ್ನಷ್ಟೇ ತಡೆಯುವ ಬಯಾಲಜಿಕ್ ಚುಚ್ಚುಮದ್ದುಗಳಿವೆ, ಅದಕ್ಕೆ ಮೊದಲು ಕ್ಷಯದ ಪರೀಕ್ಷೆ ಮಾಡಿಸಬೇಕು ಎಂದು ತಿಳಿಸಿದ್ದಾರೆ. ಸದ್ಯ ಅದರ ಅಗತ್ಯ ಬಿದ್ದಿಲ್ಲ. ಹನ್ನೆರಡು ಅಂಗೈ ಇದ್ದದ್ದು ಒಂದಕ್ಕಿಂತ ಕಡಿಮೆಯಾಗಿದೆ: ಎಡ ಮಂಡಿಯ ಕೆಳಗೆ ಒಂದು ಮಚ್ಚೆ, ಕಿವಿಯ ಹಿಂದೆ ಒಂದಿಷ್ಟು. ಬಾಚಣಿಗೆಯನ್ನು ಎದ್ದ ತಕ್ಷಣ ಹಿಡಿಯಬಲ್ಲೆ. ಎಲ್ಲಕ್ಕಿಂತ ನಿಧಾನ ಉಗುರು. ಬುಡದಿಂದ ತುದಿಯವರೆಗೆ ಹೊಸದಾಗಿ ಬೆಳೆಯಲು ಸುಮಾರು ಆರು ತಿಂಗಳು ತೆಗೆದುಕೊಳ್ಳುತ್ತದೆ. ಬಲಗೈ ಹೆಬ್ಬೆರಳಿನಲ್ಲಿ ತುದಿಯ ಅರ್ಧ ಇನ್ನೂ ಗುಳಿ ಗುಳಿ. ಬುಡದ ಅರ್ಧ ನುಣ್ಣಗೆ ಮೇಲೆ ಬರುತ್ತಿದೆ.